ದೋಣಿಗೆ ನೀರು ನುಗ್ಗಿದರೆ ದಡ ಸೇರುವುದು ಹೇಗೆ? ಅನುಭವ ಇದ್ದವರು ಹೇಳಿ

ಕೇಳಿದವರು: ನಮ್ಮದು ಫೈಬರ್ ದೋಣಿ, ಹಿಂದೆ 10 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಭಾವನ ಜೊತೆ ಗಂಗೊಳ್ಳಿ ಅಳಿವೆ (ಹೊಳೆ ಕಡಲು ಸೇರುವ ಬಾಯಿ) ದಾಟಿ ಗಾಳ ಹಾಕಲು ಹೋಗಿದ್ದೆ. ವಾಪಸ್ ಬರುವಾಗ ಹಿಂಭಾಗದಲ್ಲಿ ನೀರು ತುಂಬಿತು. ಮೊಗೆಯುತ್ತಾ ಹೇಗೋ ಬಂದೆವು. ಎಲ್ಲಿ ಸೋರುತ್ತಿದೆ ಅಂತ ಇನ್ನೂ ಗೊತ್ತಾಗಿಲ್ಲ. ಇದೇ ಇನ್ನೂ ದೂರದಲ್ಲಿ ಆಗಿದ್ದರೆ ಏನು ಮಾಡಬೇಕಿತ್ತು?

ಬಲೆ ದೋಣಿಯವರು, ಮರವಂತೆ: ಇಬ್ಬರೂ ಕ್ಷೇಮವಾಗಿ ಬಂದಿರಲ್ಲ, ಅದು ದೊಡ್ಡದು. ನೀರು ಕಂಡ ಕೂಡಲೇ ಮೊದಲು ಲೈಫ್ ಜಾಕೆಟ್ ಹಾಕಿಕೊಳ್ಳಿ. ಆಮೇಲೆ ಹಾಕೋಣ ಅಂದರೆ ಆಗ ಕೈಗೆ ಪುರುಸೊತ್ತು ಇರುವುದಿಲ್ಲ. ಯಾರೂ ಎದ್ದು ನಿಲ್ಲಬೇಡಿ. ಒಳಗೆ ಸೇರಿದ ನೀರು ಒಂದು ಬದಿಗೆ ಓಡಿದರೆ ದೋಣಿ ಅದೇ ಬದಿಗೆ ವಾಲುತ್ತದೆ. ಆ ಹೊತ್ತಿಗೆ ನಿಂತವರಿದ್ದರೆ ಮಗುಚಿಯೇ ಬಿಡುತ್ತದೆ.

ಒಬ್ಬರು ಮೊಗೆಯಿರಿ, ಇನ್ನೊಬ್ಬರು ತೂತು ಹುಡುಕಿ. ಬರೀ ಮೊಗೆಯುತ್ತಾ ಕೂತರೆ ಸೋಲುತ್ತೀರಿ. ನೀರಿನ ಮಟ್ಟಕ್ಕಿಂತ ಒಂದಡಿ ಕೆಳಗೆ ಎರಡಿಂಚಿನ ತೂತು ಇದ್ದರೆ ನಿಮಿಷಕ್ಕೆ 150 ಲೀಟರಿಗಿಂತ ಜಾಸ್ತಿ ನೀರು ಒಳಗೆ ಬರುತ್ತದೆ. ಬಕೆಟ್ ಹಿಡಿದು ಎಷ್ಟು ಹೊತ್ತು ಎತ್ತಲು ಆಗುತ್ತದೆ ಹೇಳಿ? ಅದೇ ತೂತಿಗೆ ಬನಿಯನ್ನೋ ಗೋಣಿ ತುಂಡೋ ತುರುಕಿದರೆ ನೀರು ಒಮ್ಮೆಲೇ ಕಮ್ಮಿಯಾಗುತ್ತದೆ. ಪೂರ್ತಿ ನಿಲ್ಲಬೇಕೆಂದಿಲ್ಲ, ಮೊಗೆಯುವ ಕೈಗೆ ಸಾಟಿಯಾದರೆ ಸಾಕು. ಉದ್ದದ ಬಿರುಕಾದರೆ ಹೊರಗಿನಿಂದ ಟರ್ಪಾಲ್ ಇಳಿಬಿಟ್ಟು ಎರಡೂ ಬದಿಗೆ ಹಗ್ಗ ಕಟ್ಟಿ. ನೀರಿನ ಒತ್ತಡವೇ ಅದನ್ನು ಬಿರುಕಿಗೆ ಒತ್ತಿ ಹಿಡಿಯುತ್ತದೆ. ಆದರೆ ಹಗ್ಗದ ತುದಿ ಪ್ರೊಪೆಲ್ಲರಿಗೆ ಸಿಕ್ಕಬಾರದು.

ಭಾರವನ್ನು ತೂತಿನಿಂದ ದೂರ ಸರಿಸಿ. ನಿಮ್ಮ ಹಾಗೆ ಹಿಂದೆ ಸೋರಿದರೆ ಐಸ್ ಪೆಟ್ಟಿಗೆ, ಲಂಗರು, ಜನ ಎಲ್ಲ ಮುಂದಕ್ಕೆ. ಮುಂದೆ ಸೋರಿದರೆ ಹಿಂದಕ್ಕೆ ಬಂದು ನಿಧಾನ ಓಡಿಸಿ, ವೇಗ ಹೆಚ್ಚಿಸಿದರೆ ನೀರು ರಭಸವಾಗಿ ನುಗ್ಗುತ್ತದೆ. ಅಷ್ಟಾದರೂ ನೀರು ಏರುತ್ತಿದ್ದರೆ ಬಲೆಯನ್ನೂ ಕಡಲಿಗೆ ಬಿಡಿ. ಬಲೆಗೆ ಖಾಲಿ ಕ್ಯಾನ್ ಕಟ್ಟಿ ಬಿಟ್ಟರೆ ಆಮೇಲೆ ಹುಡುಕಬಹುದು.

ಕರೆ ಮಾಡುವುದನ್ನು ಕೊನೆಗೆ ಇಟ್ಟುಕೊಳ್ಳಬೇಡಿ. ಕೋಸ್ಟ್ ಗಾರ್ಡ್ 1554, ಕರಾವಳಿ ಕಾವಲು ಪೊಲೀಸ್ 1093. ವಿಎಚ್‌ಎಫ್ ರೇಡಿಯೊ ಇದ್ದರೆ 16ನೇ ಚಾನೆಲ್. ಫೋನಿನ ಮ್ಯಾಪ್ ತೆರೆದು ಅಕ್ಷಾಂಶ, ರೇಖಾಂಶ ಓದಿ ಹೇಳಿ. ಹತ್ತಿರ ಕಾಣುವ ದೋಣಿಗಳಿಗೂ ಬಟ್ಟೆ ಬೀಸಿ. ಹೆಚ್ಚಾಗಿ ಮೊದಲು ಬಂದು ಮುಟ್ಟುವವರು ಅವರೇ.

ಇನ್ನು ಯಾವ ದಡ? ನಾನು ಒತ್ತಿ ಹೇಳುವುದು ಇದನ್ನೇ. ನಮ್ಮ ಬಂದರಿಗೇ ಹೋಗಬೇಕು ಅಂತ ಹಟ ಬೇಡ. ಗಂಗೊಳ್ಳಿಯಲ್ಲಿ ಐದು ನದಿಗಳ ನೀರು ಒಂದೇ ಬಾಯಿಂದ ಕಡಲಿಗೆ ಬೀಳುತ್ತದೆ. ಇಳಿತದ ಹೊತ್ತಿಗೆ ಆ ಸೆಳೆತಕ್ಕೆ ಎದುರಿನ ತೆರೆ ಬಡಿದು ಅಳಿವೆಯಲ್ಲಿ ಕಡಿದಾಗಿ ಏಳುತ್ತದೆ. ಅರ್ಧ ನೀರು ತುಂಬಿದ ದೋಣಿ ಅದನ್ನು ತಡೆಯುವುದಿಲ್ಲ. ತೆರೆ ಸಣ್ಣದಿದ್ದ ದಿನ ತ್ರಾಸಿ, ಮರವಂತೆ ಕಡೆಯ ಮರಳಿಗೆ ನೇರ ಹತ್ತಿಸುವುದು ಎಷ್ಟೋ ಮೇಲು. ಒಂದು ತೆರೆಯ ಬೆನ್ನಿನ ಮೇಲೇ ಬನ್ನಿ, ಅದನ್ನು ದಾಟಿ ಮುಂದೆ ಓಡಬೇಡಿ, ದೋಣಿ ಅಡ್ಡ ತಿರುಗಲು ಬಿಡಬೇಡಿ. ತಳ ಮರಳಿಗೆ ತಾಗುವ ಮೊದಲು ಎಂಜಿನ್ ಬಂದ್ ಮಾಡಿ ಮೇಲೆತ್ತಿ. ಇಳಿದ ಮೇಲೆ ದೋಣಿಗೂ ದಡಕ್ಕೂ ನಡುವೆ ಮಾತ್ರ ನಿಲ್ಲಬೇಡಿ. ಮುಂದಿನ ತೆರೆ ದೋಣಿಯನ್ನು ನಿಮ್ಮ ಮೇಲೇ ತಂದು ಹಾಕುತ್ತದೆ.

ಇನ್ನೊಬ್ಬರು, ಮಲ್ಪೆ: ಅಣ್ಣ ಹೇಳಿದ್ದು ಸರಿ. ಒಂದು ಮಾತು ಸೇರಿಸುತ್ತೇನೆ. ಓಡುತ್ತಿರುವಾಗ ಡ್ರೈನ್ ಪ್ಲಗ್ (ದೋಣಿಯ ಹಿಂದೆ ನೀರು ಬಿಡುವ ತೂತಿನ ಬಿರಡೆ) ತೆಗೆದರೆ ನೀರು ತಾನೇ ಹೊರಗೆ ಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ಅದಕ್ಕೆ ದೋಣಿ ನೀರಿನ ಮೇಲೆ ಎದ್ದು ಓಡುವಷ್ಟು ವೇಗ ಬೇಕು. ನೀರು ತುಂಬಿ ಭಾರವಾದ ದೋಣಿಗೆ 10 ಎಚ್‌ಪಿಯಲ್ಲಿ ಆ ವೇಗ ಬರುವುದಿಲ್ಲ. ಎಂಜಿನ್ ನಿಂತರಂತೂ ಅದೇ ಎರಡನೇ ತೂತು. ದಯವಿಟ್ಟು ಮಾಡಬೇಡಿ.

ದೊಡ್ಡ ಬೋಟಿನವರು ಮೊದಲು ಶಾಫ್ಟ್ ಗ್ಲ್ಯಾಂಡ್ ನೋಡಿ, ಅಂದರೆ ಪ್ರೊಪೆಲ್ಲರಿನ ದಂಡ ಹೊರಗೆ ಹೋಗುವಲ್ಲಿ ನೀರು ತಡೆಯುವ ಜಾಗ, ಆಮೇಲೆ ಎಂಜಿನ್ ತಂಪು ಮಾಡುವ ನೀರಿನ ಪೈಪು. ಗ್ಲ್ಯಾಂಡಿನಿಂದ ತೊಟ್ಟು ತೊಟ್ಟು ಬಿದ್ದರೆ ತೊಂದರೆಯಿಲ್ಲ, ಧಾರೆ ಕಟ್ಟಿದರೆ ಪ್ಯಾಕಿಂಗ್ ಹೋಗಿದೆ. ಪೈಪು ಒಡೆದಿದ್ದರೆ ಎಂಜಿನ್ ನಿಲ್ಲಿಸಿ ತಳದ ವಾಲ್ವ್ ಮುಚ್ಚಿ.

ಎಂಜಿನ್, ಫೈಬರ್ ಕೆಲಸದವರು: ಹಿಂದೆ ನೀರು ಕಂಡರೆ ಸೋರಿಕೆಯೂ ಹಿಂದೆಯೇ ಅಂತ ಹೇಳಲು ಬರುವುದಿಲ್ಲ. ಎಂಜಿನ್ ಭಾರಕ್ಕೆ ನೀರು ಹಿಂದಕ್ಕೇ ಬರುತ್ತದೆ, ಅಲ್ವಾ? ದೋಣಿಯನ್ನು ಮರದ ದಿಮ್ಮಿಗಳ ಮೇಲೆ ಸರಿಯಾಗಿ ಕೂರಿಸಿ, ಹೊರಗೆ ಒರೆಸಿ ಒಣಗಿಸಿ, ಒಳಗೆ ಸ್ವಲ್ಪ ನೀರು ಹಾಕಿ. ಜಾಸ್ತಿ ಬೇಡ, ಭಾರಕ್ಕೆ ತಳ ಸೀಳುತ್ತದೆ. ಹೊರಗೆ ಹನಿ ಕಂಡಲ್ಲಿ ಚಾಕ್‌ಪೀಸಿನಲ್ಲಿ ಗುರುತು ಮಾಡಿ. ಪ್ಲಗ್ಗಿನ ವಾಷರ್, ಎಂಜಿನ್ ಕೂರಿಸಿದ ಬೋಲ್ಟ್, ಮರಳಿನ ಮೇಲೆ ಎಳೆದು ಸವೆದ ತಳದ ಏಣು, ಈ ಮೂರನ್ನು ಬಿಡದೆ ನೋಡಿ. ಬೋಲ್ಟ್ ಸುತ್ತ ತಟ್ಟಿದಾಗ ಮೆತ್ತಗಿನ ಸದ್ದು ಬಂದರೆ ಒಳಗಿನ ಹಲಗೆ ಕೊಳೆತಿರಬಹುದು. ಮೇಲಿನಿಂದ ರೆಸಿನ್ (ಫೈಬರ್ ಕೆಲಸದ ಅಂಟು) ಬಳಿದರೆ ಪ್ರಯೋಜನವಿಲ್ಲ, ಹಲಗೆಯನ್ನೇ ಬದಲಿಸಬೇಕು.

ಬಿರುಕಾದರೆ ಚೆನ್ನಾಗಿ ಉಜ್ಜಿ, ಪೂರ್ತಿ ಒಣಗಿಸಿ, ಆಮೇಲೆ ಫೈಬರ್ ನಾರಿನ ಮ್ಯಾಟ್, ರೆಸಿನ್ ಹಾಕಿ. ಒದ್ದೆಯ ಮೇಲೆ ಅದು ಹಿಡಿಯುವುದಿಲ್ಲ. ಎಂಜಿನ್ ಉಪ್ಪುನೀರಲ್ಲಿ ಮುಳುಗಿದ್ದರೆ ಹಾಗೇ ಸ್ಟಾರ್ಟ್ ಮಾಡಬೇಡಿ, ಸಿಹಿನೀರಲ್ಲಿ ತೊಳೆದು ಕೂಡಲೇ ಮೆಕ್ಯಾನಿಕ್ ಹತ್ತಿರ ಒಯ್ಯಿರಿ. ರಿಪೇರಿ ಮುಗಿದ ಮೇಲೆ ಮೊದಲ ಸಲ ಅಳಿವೆ ದಾಟಬೇಡಿ. ಹೊಳೆಯಲ್ಲೇ ಓಡಿಸಿ, ತಿರುಗಿ ಬಂದು ತಳ ಮುಟ್ಟಿ ನೋಡಿ.