ಪದಚರ್ಚೆ: ಕಾರಿನ ಮೇಲೆ ಕಾರು ನಿಲ್ಲಿಸುವ ಲಿಫ್ಟಿಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಮನೆಯ ಕಾರ್ ಲಿಫ್ಟನ್ನು ಬಳಸೋದು ಹೇಗೆ ಅಂತ ಹೇಳುವ ಒಂದು ಬೋರ್ಡು ಬರೆಸಬೇಕಾಗಿದೆ. ಹೆಚ್ಚೆಂದರೆ ಏಳೆಂಟು ಸಾಲು. ಅಷ್ಟಕ್ಕೇ ಎರಡು ವಾರದಿಂದ ಒದ್ದಾಡುತ್ತಿದ್ದೇನೆ.

ವಿಷಯ ಇಷ್ಟು. ನನ್ನ ಷಡ್ಡಕರ ಮನೆ ಬನಶಂಕರಿಯಲ್ಲಿ. ಥರ್ಟಿ ಫಾರ್ಟಿ ಸೈಟು, ಪಕ್ಕದಲ್ಲಿ ಒಂದೇ ಕಾರು ಹಿಡಿಸುವ ಶೆಡ್ಡು. ಕಾರು ಮಾತ್ರ ಎರಡು. ಒಂದು ದಿನಾ ಓಡಾಡುವ ಸ್ವಿಫ್ಟು. ಇನ್ನೊಂದು ಅವರ ತಂದೆಯವರ ಹಳೆ ಪದ್ಮಿನಿ. ಅದನ್ನು ಮಾರುವ ಮಾತು ತೆಗೆದರೆ ದೊಡ್ಡವರು ಆ ದಿನ ಊಟ ಬಿಡುತ್ತಾರೆ. ರಸ್ತೆಯಲ್ಲಿ ನಿಲ್ಲಿಸಿದರೆ ಎದುರು ಮನೆಯವರ ಜೊತೆ ಜಗಳ. ಕೊನೆಗೆ ಶೆಡ್ಡಿನ ಶೀಟನ್ನು 12 ಅಡಿಗೆ ಎತ್ತರಿಸಿ, ನಾಲ್ಕು ಕಂಬದ ಲಿಫ್ಟು ಹಾಕಿಸಿದರು. ಪದ್ಮಿನಿ ಮೇಲೆ, ಸ್ವಿಫ್ಟು ಕೆಳಗೆ. ಒಂದೊಂದು ಕಾರು ಸುಮಾರು ಐದಡಿ ಎತ್ತರ, ನಡುವೆ ಹಲಗೆಯ ದಪ್ಪ, ತಲೆ ಮೇಲೆ ಒಂದಿಷ್ಟು ಬಿಡುವು. 12 ಅಡಿ ಸರಿಹೋಯಿತು. ಮನೆ ಕೆಳಗಿನ ಮಾಮೂಲಿ ಪಾರ್ಕಿಂಗಿನಲ್ಲಿ ಎಂಟೊಂಬತ್ತು ಅಡಿ ಸಿಕ್ಕರೆ ಜಾಸ್ತಿ. ಅಲ್ಲಿ ಈ ಆಟ ನಡೆಯುವುದಿಲ್ಲ.

ಲಿಫ್ಟಿನ ಜೊತೆ ಮಾರಿದವರು ಕನ್ನಡದ್ದೊಂದು ಹಾಳೆಯನ್ನೂ ಕೊಟ್ಟಿದ್ದರು. ಕಂಪ್ಯೂಟರ್ ಮಾಡಿದ ಅನುವಾದ ಅನ್ನೋದು ಮೊದಲ ಸಾಲಲ್ಲೇ ಗೊತ್ತಾಗುತ್ತದೆ: "ಕಾರು ಎತ್ತು ಬಳಸುವ ಮುನ್ನ ಓದಿ." ದೊಡ್ಡವರು ಕನ್ನಡಕ ಏರಿಸಿ, "ಎತ್ತು ಎಲ್ಲಿ ಕಟ್ಟಬೇಕಂತೆ?" ಅಂದರು. ಎಲ್ಲರೂ ನಕ್ಕೆವು. ನಾಲ್ಕನೇ ಸಾಲು ಹೀಗಿತ್ತು: "ಕಾರು ಮೇಲೇರಿದ ನಂತರ ಬೀಗ ಹಾಕಿ." ಡ್ರೈವರು ಅದನ್ನು ಓದಿ, ಪದ್ಮಿನಿಯನ್ನು ಮೇಲೇರಿಸಿ, ಶೆಡ್ಡಿನ ಗೇಟಿಗೆ ಬೀಗ ಹಾಕಿ, ಕೀ ತಂದು ನಮ್ಮ ಕೈಗೆ ಕೊಟ್ಟ. ಅವನ ತಪ್ಪೇನಿದೆ? ಹಾಳೆಯಲ್ಲಿ ಬರೆದಿದ್ದನ್ನೇ ಮಾಡಿದ. ಬೆಳಿಗ್ಗೆ ನೋಡಿದರೆ ಪದ್ಮಿನಿ ಎರಡು ಇಂಚು ಕೆಳಗೆ ಇಳಿದಿತ್ತು. ಇಡೀ ರಾತ್ರಿ ಅದು ಬರೀ ಎಣ್ಣೆಯ ಒತ್ತಡದ ಮೇಲೆ ನಿಂತಿತ್ತು.

ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ಪದದ ಕಷ್ಟ ಗೊತ್ತಾಗೋದಿಲ್ಲ. ಎರಡು ಉದ್ದ ಕಬ್ಬಿಣದ ಹಲಗೆಗಳ ಮೇಲೆ ಕಾರಿನ ಚಕ್ರ ನಿಲ್ಲುತ್ತವೆ. ಸ್ವಿಚ್ಚು ಒತ್ತಿದರೆ ಮೋಟರು ಪಂಪನ್ನು ತಿರುಗಿಸುತ್ತದೆ. ಪಂಪು ಎಣ್ಣೆಯನ್ನು ಸಿಲಿಂಡರಿಗೆ ದೂಡುತ್ತದೆ. ಸಿಲಿಂಡರು ಉಕ್ಕಿನ ಹಗ್ಗಗಳನ್ನು ಎಳೆಯುತ್ತದೆ, ನಾಲ್ಕು ಮೂಲೆಯೂ ಒಟ್ಟಿಗೆ ಏಳುತ್ತವೆ. ಪ್ರತಿ ಕಂಬದೊಳಗೂ ಏಣಿಯ ಹಾಗೆ ತೂತುಗಳಿರುವ ಪಟ್ಟಿ. ಏರುವಾಗ ಟಕ್, ಟಕ್, ಟಕ್ ಅಂತ ಸದ್ದು ಬರುತ್ತದಲ್ಲ, ಅದು ಉಕ್ಕಿನದೊಂದು ನಾಲಿಗೆ ಒಂದೊಂದೇ ತೂತು ದಾಟುವ ಸದ್ದು. ಬೇಕಾದ ಎತ್ತರ ಮುಟ್ಟಿದ ಮೇಲೆ ಸ್ವಲ್ಪ ಕೆಳಗೆ ಬಿಡಬೇಕು. ಆಗ ನಾಲಿಗೆ ತೂತಿನ ಅಂಚಿನ ಮೇಲೆ ಕೂರುತ್ತದೆ, ಭಾರವೆಲ್ಲ ಕಂಬಕ್ಕೆ ಹೋಗುತ್ತದೆ. ಎಣ್ಣೆ, ಹಗ್ಗ ಎರಡಕ್ಕೂ ಅಲ್ಲಿಗೆ ರಜ. ಹಾಳೆ "ಬೀಗ ಹಾಕಿ" ಅಂದದ್ದು ಇದಕ್ಕೇ. ಇಳಿಸುವಾಗ ಉಲ್ಟಾ. ಮೊದಲು ಸ್ವಲ್ಪ ಏರಿಸಿ ನಾಲಿಗೆಯನ್ನು ಬಿಡಿಸಿಕೊಳ್ಳಬೇಕು, ಹಿಡಿ ಎಳೆದು ಹಿಡಿಯಬೇಕು, ಆಮೇಲೆ ಇಳಿಸಬೇಕು. ಇದನ್ನು ನಮ್ಮ ಹಾಳೆ ಹೇಳಿದ್ದು ಹೀಗೆ: "ಕಡಿಮೆ ಮಾಡುವ ಮೊದಲು ಹೆಚ್ಚಿಸಿ." ಸಕ್ಕರೆ ಕಾಯಿಲೆಯ ಔಷಧಿ ಚೀಟಿ ಓದಿದ ಹಾಗಾಯಿತು.

ಈಗ ಪದಕ್ಕೆ ಬರೋಣ.

"ಲಿಫ್ಟು" ಅಂತಲೇ ಬಿಟ್ಟರೆ ಏನು ತೊಂದರೆ ಅಂತ ನೀವು ಕೇಳಬಹುದು. ತೊಂದರೆ ಇದೆ. ಅಮೆರಿಕದವರು ಜನ ಹತ್ತುವುದಕ್ಕೆ ಎಲಿವೇಟರ್ ಅನ್ನುತ್ತಾರೆ, ಕಾರು ಎತ್ತುವುದಕ್ಕೆ ಮಾತ್ರ ಲಿಫ್ಟ್ ಅನ್ನುತ್ತಾರೆ. ನಾವು ಬ್ರಿಟಿಷರ ಮಾತು ಹಿಡಿದವರು, ನಮಗೆ ಎರಡೂ ಲಿಫ್ಟೇ. ಅದರ ಮೇಲೆ, ರ್‍ಯಾಂಪಿಗೆ ಜಾಗ ಇಲ್ಲದ ಕಟ್ಟಡಗಳಲ್ಲಿ ಕಾರನ್ನು ಬೇಸ್‌ಮೆಂಟಿಗೆ ಒಯ್ಯುವ ದೊಡ್ಡ ಲಿಫ್ಟು ಇರುತ್ತದೆ. ಅದಕ್ಕೂ "ಕಾರ್ ಲಿಫ್ಟ್" ಅಂತಲೇ ಹೆಸರು. ಅದು ಕಾರನ್ನು ಒಯ್ದು ಬಿಟ್ಟು ಬರುತ್ತದೆ. ನಮ್ಮದು ಕಾರನ್ನು ಹೊತ್ತುಕೊಂಡು ಅಲ್ಲೇ ನಿಲ್ಲುತ್ತದೆ. ದೊಡ್ಡ ವ್ಯತ್ಯಾಸ ಅಲ್ವಾ?

ಗ್ಯಾರೇಜು ಅನ್ನೋ ಪದವೂ ಇಲ್ಲಿ ಕೆಲಸಕ್ಕೆ ಬರಲಿಲ್ಲ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಅದಕ್ಕೆ ಕಾರು ನಿಲ್ಲಿಸುವ ಜಾಗ ಅನ್ನೋ ಅರ್ಥವೂ ಇತ್ತು, ರಿಪೇರಿ ಮಾಡುವ ಜಾಗ ಅನ್ನೋ ಅರ್ಥವೂ ಇತ್ತು. ನಮ್ಮೂರಲ್ಲಿ ಎರಡನೆಯದು ಮಾತ್ರ ಉಳಿದಿದೆ. "ಕಾರು ಗ್ಯಾರೇಜಲ್ಲಿದೆ" ಅಂದರೆ ಕೆಟ್ಟು ಕೂತಿದೆ ಅಂತಲೇ. ಮನೆಯದಕ್ಕೆ ಶೆಡ್ಡು, ಪೋರ್ಟಿಕೋ, ಪಾರ್ಕಿಂಗು. ನಮ್ಮ ಅಜ್ಜನ ಊರಲ್ಲಿ ಬಂಡಿ ನಿಲ್ಲಿಸುವುದೂ ಕೊಟ್ಟಿಗೆಯಲ್ಲೇ ಇತ್ತು. "ಕಾರ್ ಕೊಟ್ಟಿಗೆ" ಅಂತ ಒಮ್ಮೆ ಅಂದು ನೋಡಿದೆ. ಷಡ್ಡಕರ ಹೆಂಡತಿ ನೋಡಿದ ನೋಟಕ್ಕೆ ಅಲ್ಲಿಗೇ ಬಿಟ್ಟೆ.

"ಎತ್ತು" ಇಟ್ಟುಕೊಂಡು ಎತ್ತುಗ, ಎತ್ತುಗೆ ಅಂತ ಕಟ್ಟಬಹುದು. ಹಾಳೆಯ ಎತ್ತಿಗೂ ದನದ ಎತ್ತಿಗೂ ನಂಟಿಲ್ಲ ಬಿಡಿ. ದನದ ಎತ್ತು ತಮಿಳಿನ ಎರುದು, ತೆಲುಗಿನ ಎದ್ದು ಇವುಗಳ ಅಣ್ಣತಮ್ಮ. ಮೇಲೆತ್ತುವ ಎತ್ತು ಬೇರೆ ಮನೆಯದು. ನನ್ನ ತಕರಾರು ಅದಲ್ಲ. ಬೆಂಗಳೂರಲ್ಲಿ "ಗಾಡಿ ಎತ್ತು ಗುರು" ಅಂದರೆ ಹೊರಡು ಅಂತ. "ಗಾಡಿ ಎತ್ಕೊಂಡು ಹೋದ್ರು" ಅಂದರೆ ಟೋಯಿಂಗಿನವರು, ಇಲ್ಲಾ ಕಳ್ಳರು. ಚೀಟಿ ಎತ್ತುತ್ತೇವೆ, ಆರತಿ ಎತ್ತುತ್ತೇವೆ, ಕೈಲಾಗದಿದ್ದರೆ ಕೈ ಎತ್ತುತ್ತೇವೆ. ಇವೆಲ್ಲ ಒಂದು ಗಳಿಗೆಯ ಕೆಲಸ. ಮಗುವನ್ನು ಎತ್ತಿಕೊಂಡರೆ ಇಳಿಸಲೇಬೇಕು. ಪದ್ಮಿನಿ ಮೇಲೆ ಹೋದರೆ ಮುಂದಿನ ಆಯುಧಪೂಜೆಗೇ ಕೆಳಗೆ ಬರೋದು. ಇಷ್ಟು ದಿನ ಮೇಲೇ ಇರುವುದನ್ನು "ಎತ್ತು" ಹೇಳೋದಿಲ್ಲ.

ಇನ್ನು "ಏತ". ಇದರ ಮೇಲೆ ನನಗೆ ಆಸೆ ಇತ್ತು. ಲಿಫ್ಟ್ ಇರಿಗೇಷನ್ನಿಗೆ ನಾವು ಏತ ನೀರಾವರಿ ಅಂತ ಒಪ್ಪಿಕೊಂಡು ಎಷ್ಟೋ ಕಾಲವಾಯಿತು. ಸಿಂಗಟಾಲೂರು, ಮುಳವಾಡ ಯೋಜನೆಗಳ ಹೆಸರಲ್ಲೇ ಅದು ಕೂತಿದೆ. ಅಲ್ಲಿರುವುದು ದೊಡ್ಡ ಪಂಪುಗಳು, ಆದರೂ ಯಾರಿಗೂ ಏತ ಅನ್ನೋದಕ್ಕೆ ಮುಜುಗರ ಇಲ್ಲ. ತಮಿಳಿನಲ್ಲಿ ಏಟ್ರಂ, ತೆಲುಗಿನಲ್ಲಿ ಏತಮು, ಎಲ್ಲ ಏರುವುದಕ್ಕೇ ಸೇರಿದ ಪದಗಳು. ಹಾಗಾದರೆ "ಕಾರೇತ"? ಕಿವಿಗೆ ಚೆನ್ನಾಗಿದೆ. ಆದರೆ ಏತ ನೋಡಿದವರಿಗೆ ಗೊತ್ತು, ಅದರ ಗುಣ ಬಾಗುವುದು. ಕಂಬದ ಮೇಲೆ ಅಡ್ಡ ಮರ, ಒಂದು ತುದಿಗೆ ಕಲ್ಲು, ಇನ್ನೊಂದು ತುದಿಗೆ ಬಾನಿ. ಒಂದು ಕಡೆ ಏಳಬೇಕಾದರೆ ಇನ್ನೊಂದು ಕಡೆ ತಗ್ಗಬೇಕು. ಬಸವಣ್ಣನವರ ವಚನದಲ್ಲೂ ಏತ ಬರುವುದು ತಲೆ ಬಾಗುವುದಕ್ಕೇ. ನಾಲ್ಕು ಕಂಬದ ಲಿಫ್ಟು ಬಾಗಿದರೆ ಮುಗಿಯಿತು ಕಥೆ. ಆದರೆ ಚಾವಣಿ ತಗ್ಗಾಗಿರುವ ಕಡೆ ಹಾಕುವ ಇನ್ನೊಂದು ಬಗೆ ಇದೆ. ಮೇಲಿನ ಕಾರನ್ನು ಓರೆಯಾಗಿ, ಮೂತಿ ಕೆಳಗೆ ಮಾಡಿ ನಿಲ್ಲಿಸುತ್ತದೆ. ಅದಕ್ಕೆ ಬೇಕಾದರೆ ಏತ ಅನ್ನಿ, ನಾನು ಮೊದಲು ಕೈ ಎತ್ತುತ್ತೇನೆ.

ಕೊನೆಗೆ ನನ್ನ ಮನಸ್ಸು ನಿಂತದ್ದು "ಅಟ್ಟ"ದ ಮೇಲೆ. ಒಂದು ದಿನ ದೊಡ್ಡವರೇ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದರು, "ಪದ್ಮಿನೀನ ಅಟ್ಟಕ್ಕೆ ಹಾಕಿಬಿಟ್ರು ಕಣಯ್ಯ." ಬೇಜಾರಲ್ಲಿ ಆಡಿದ ಮಾತು. ಆದರೆ ಎಷ್ಟು ಸರಿಯಾಗಿದೆ ನೋಡಿ. ಅಟ್ಟಕ್ಕೆ ಏನು ಹೋಗುತ್ತದೆ? ದಿನಾ ಬೇಡದ್ದು, ಆದರೆ ಎಸೆಯಲು ಮನಸ್ಸು ಬಾರದ್ದು. ತಾಮ್ರದ ಹಂಡೆ, ದಸರಾ ಬೊಂಬೆಗಳ ಪೆಟ್ಟಿಗೆ. ಈಗ ಪದ್ಮಿನಿ. ಅಟ್ಟ ಅಲುಗಾಡೋದಿಲ್ಲ, ಇದು ಏರಿಳಿಯುತ್ತದೆ ಅಂತ ಒಬ್ಬ ಗೆಳೆಯ ತಗಾದೆ ತೆಗೆದ. ಇನ್ನೊಬ್ಬ ಗೆಳೆಯ ತೀರ್ಥಹಳ್ಳಿ ಕಡೆಯವನು. ಅವನಿಗೆ ಅಟ್ಟ ಅಂದ ಕೂಡಲೇ ಕಣ್ಣಿಗೆ ಬರೋದು ಅಡಿಕೆ ಒಣಗಿಸುವ ಅಟ್ಟ: ಅಂಗಳದಲ್ಲಿ ಕಂಬ ನೆಟ್ಟು, ಮೇಲೆ ದಬ್ಬೆ ಹಾಸಿ, ಸುತ್ತ ಗೋಡೆಯಿಲ್ಲದೆ ನಿಂತಿರುವಂಥದ್ದು. ನಮ್ಮ ಲಿಫ್ಟಿನ ಫೋಟೋ ನೋಡಿ, "ಇದು ನಮ್ಮನೆ ಅಟ್ಟಾನೇ, ಅಡಿಕೆ ಬದಲು ಕಾರಿದೆ" ಅಂದ. ಹೊಗಳಿ ಅಟ್ಟಕ್ಕೇರಿಸುವ ಮಾತಿನಲ್ಲಿ ಏರಿಸುವ ಕೆಲಸವೂ ಇದೆ. ಹಾಗಾಗಿ "ಕಾರಟ್ಟ". ಯಂತ್ರವನ್ನು ಲಿಫ್ಟು ಅಂದುಕೊಳ್ಳಲಿ, ಕಾರು ನಿಲ್ಲುವ ಜಾಗ ಕಾರಟ್ಟ.

ಆದರೆ ಹೆಸರು ಸರಿಹೋದ ಮಾತ್ರಕ್ಕೆ ಬೋರ್ಡು ಸರಿಹೋಗಲಿಲ್ಲ. ನಿಜವಾದ ಪೇಚು ಕ್ರಿಯಾಪದಗಳಲ್ಲಿತ್ತು. ಮೊದಲ ಕರಡಿನಲ್ಲಿ "ಕಾರನ್ನು ಏರಿಸಿ" ಅಂತ ಬರೆದಿದ್ದೆ. ಡ್ರೈವರು ಕೇಳಿದ, "ಯಾವ ಏರ್ಸೋದು ಸಾರ್? ಹಲಗೆ ಮೇಲೆ ಹತ್ತಿಸೋದು ನಾನು. ಮೇಲಕ್ಕೆ ಏರ್ಸೋದು ಮೋಟ್ರು." ನಾನು ಎರಡು ವಾರ ತಿಣುಕಿದ್ದನ್ನು ಅವನು ಅರ್ಧ ನಿಮಿಷದಲ್ಲಿ ಬಿಡಿಸಿಟ್ಟ. ಹತ್ತಿಸು ಬೇರೆ, ಏರಿಸು ಬೇರೆ. ಇಳಿಸು ಯಂತ್ರಕ್ಕೆ, ರಿವರ್ಸ್ ತೆಗಿ ಕಾರಿಗೆ.

ಬೀಗದ ಜಾಗಕ್ಕೆ ಏನು? ಲಿಫ್ಟು ಕೂರಿಸಲು ಬಂದಿದ್ದ ಫಿಟ್ಟರು "ಲಾಕ್ ಮೇಲೆ ಕೂರಿಸಿ ಬಿಡಿ" ಅಂತಿದ್ದ. ಅವನ ಮಾತಿನಲ್ಲಿ ಚಿನ್ನದಂಥ ಪದ ಲಾಕ್ ಅಲ್ಲ, ಕೂರಿಸು. ಹಾಕುವುದಲ್ಲ, ಭಾರವನ್ನು ಅದರ ಮೇಲೆ ಕೂರಿಸುವುದು. ಬೀಗಕ್ಕೆ ಕೀ ಬೇಕು, ಅದಕ್ಕೇ ಡ್ರೈವರು ಮೋಸ ಹೋದ. ಚಿಲಕಕ್ಕೆ ಕೀ ಬೇಡ, ಹಾಗಾಗಿ ಸದ್ಯಕ್ಕೆ ಚಿಲಕ ಅಂತ ಬರೆದಿದ್ದೇನೆ. ಅಗುಳಿ ಅನ್ನೋಣ ಅಂದರೆ ಮನೆಯ ಹುಡುಗರಿಗೇ ಅದು ಗೊತ್ತಿಲ್ಲ. ನನಗೆ "ಹಲ್ಲು" ಇಷ್ಟ, "ಹಲ್ಲಿಗೆ ಕೂರಿಸಿ" ಅನ್ನಬಹುದು. ಆದರೆ ಬೋರ್ಡಿನಲ್ಲಿ ಹಲ್ಲು ಅಂತ ಓದಿದರೆ ಡೆಂಟಿಸ್ಟ್ ನೆನಪಾಗುತ್ತಾನಂತೆ ಷಡ್ಡಕರಿಗೆ.

ಮೇಲಿನ ಕಾರಿನಿಂದ ತೊಟ್ಟಿಕ್ಕುವ ಎಣ್ಣೆ ಹಿಡಿಯಲು ಒಂದು ತಟ್ಟೆ ಇರುತ್ತದೆ, ಅದಕ್ಕೆ ಎಣ್ಣೆತಟ್ಟೆ ಸಾಕು. ಅದನ್ನು ಇಡಲು ಮರೆತು ಸ್ವಿಫ್ಟಿನ ಬಾನೆಟ್ಟಿನ ಮೇಲೆ ಬೊಟ್ಟು ಬಿದ್ದದ್ದೂ ಆಯಿತು. ಅಪಾರ್ಟ್‌ಮೆಂಟುಗಳ ಪಜಲ್ ಪಾರ್ಕಿಂಗಿನ ಪದಗಳನ್ನು ಇನ್ನೊಮ್ಮೆ ಚರ್ಚಿಸೋಣ. ಅಲ್ಲಿ ಒಂದು ಜಾಗ ಖಾಲಿ ಇಟ್ಟುಕೊಂಡು ಉಳಿದ ಕಾರುಗಳನ್ನು ಆಚೀಚೆ ಮೇಲೆ ಕೆಳಗೆ ಸರಿಸುತ್ತಾರೆ. ಆ ಜಾಗಕ್ಕೆ ಚೌಕಾಬಾರದ "ಮನೆ" ಚೆನ್ನಾಗಿ ಒಗ್ಗುತ್ತದೆ ಅಂತ ನನ್ನ ಎಣಿಕೆ.

ಈಗ ಬೋರ್ಡು ಹೀಗಿದೆ:

"ಕಾರಟ್ಟ. ಅಟ್ಟದ ಕೆಳಗೆ ಜನ, ಮಕ್ಕಳು, ಸಾಮಾನು ಇಲ್ಲ ಅಂತ ನೋಡಿ. ಕಾರನ್ನು ಹಲಗೆ ಮೇಲೆ ಹತ್ತಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಕ್ಕೆ ಕಲ್ಲು ಕೊಡಿ. ಎಣ್ಣೆತಟ್ಟೆ ಇಡಿ. ಕಾರಿನಿಂದ ಇಳಿದು ಬಂದ ಮೇಲೆ ಸ್ವಿಚ್ಚು ಒತ್ತಿ ಮೇಲೇರಿಸಿ. ಆಮೇಲೆ ಸ್ವಲ್ಪ ಕೆಳಗೆ ಬಿಟ್ಟು ಚಿಲಕದ ಮೇಲೆ ಕೂರಿಸಿ. ನಾಲ್ಕು ಕಂಬದಲ್ಲೂ ಕೂತಿದೆಯಾ ನೋಡಿ. ಇಳಿಸಬೇಕಾದರೆ ಕೆಳಗಿನ ಕಾರನ್ನು ಆಚೆ ತೆಗೆಯಿರಿ. ಮೊದಲು ಸ್ವಲ್ಪ ಏರಿಸಿ, ಚಿಲಕದ ಹಿಡಿ ಎಳೆದು ಹಿಡಿದು, ಆಮೇಲೆ ಇಳಿಸಿ."

ನನ್ನ ಪ್ರಶ್ನೆ ಎರಡೇ. ಒಂದು, ಭಾರ ಹೊರುವ ಈ ಕೀ ಇಲ್ಲದ ಲಾಕಿಗೆ ಗಾಣ, ನೀರೆತ್ತುವ ಕಪಿಲೆ, ತೇರು, ಮಗ್ಗ ಇವುಗಳ ಕೆಲಸದವರಲ್ಲಿ ಬೇರೆ ಹೆಸರು ಇದೆಯೇ? ಹಿಂದಕ್ಕೆ ತಿರುಗದ ಹಾಗೆ ತಡೆಯುವ ಮರದ ತುಂಡು ಮಗ್ಗದಲ್ಲಿ ಇದ್ದೇ ಇರಬೇಕು. ಎರಡು, "ಚಕ್ರಕ್ಕೆ ಕಲ್ಲು ಕೊಡಿ" ಅನ್ನೋದು ಧಾರವಾಡ, ಕಲಬುರಗಿ ಕಡೆಯವರಿಗೂ ಹೀಗೇ ಅರ್ಥವಾಗುತ್ತದೆಯೇ? ಡ್ರೈವರು ಯಾದಗಿರಿಯವನು. ಕಲ್ಲು ಯಾರಿಗೆ ಕೊಡಬೇಕು ಅಂತ ಅವನು ಮತ್ತೆ ಕೇಳುವಂತಾಗಬಾರದು.

ಬೋರ್ಡು ಬರೆಯುವವನು ಶನಿವಾರ ಬರುತ್ತಾನೆ. ಅಕ್ಷರಕ್ಕೆ ಇಷ್ಟು ಅಂತ ದುಡ್ಡು. ಪದ ಗಿಡ್ಡವಾಗಿದ್ದಷ್ಟೂ ಷಡ್ಡಕರಿಗೆ ಖುಷಿ.