ಎಸ್‌ಎಸ್‌ಎಚ್ ನಿಂತಿದೆ ಅನ್ನುತ್ತೆ, 22ನೇ ಪೋರ್ಟ್ ಮಾತ್ರ ತೆರೆದೇ ಇದೆ

ಪ್ರಶ್ನೆ:
ಉಬುಂಟು 24.04 (ಲಿನಕ್ಸ್) ಡೆಸ್ಕ್‌ಟಾಪ್. ಹಿನ್ನೆಲೆಯಲ್ಲಿ ಏನೇನು ಓಡ್ತಿದೆ ನೋಡಿ, ಬೇಡದ್ದನ್ನು ನಿಲ್ಲಿಸಬೇಕು. ‘ಸರ್ವಿಸ್ --ಸ್ಟೇಟಸ್-ಆಲ್’ ಕೊಟ್ಟರೆ ಎಸ್‌ಎಸ್‌ಎಚ್ (ಬೇರೆ ಕಂಪ್ಯೂಟರಿನಿಂದ ಲಾಗಿನ್ ಆಗೋಕೆ ಬಿಡುವ ಸರ್ವಿಸ್) ಮುಂದೆ ಮೈನಸ್ ಗುರುತು, ಅಂದರೆ ನಿಂತಿದೆ. ‘ಎಸ್‌ಎಸ್ -ಟಿಎಲ್‌ಎನ್’ ಕೊಟ್ಟರೆ ಎಸ್‌ಎಸ್‌ಎಚ್‌ನ 22ನೇ ಪೋರ್ಟ್ ಲಿಸನ್ (ಕನೆಕ್ಷನ್‌ಗೆ ಕಾಯ್ತಿದೆ) ಅಂತಿದೆ. ಯಾವುದನ್ನು ನಂಬೋದು?

ಉತ್ತರ 1:
ಮೊದಲನೇ ಕಮಾಂಡ್ ಬಿಟ್ಟುಬಿಡಿ. ಅದು ನೋಡೋದು ಇನಿಟ್.ಡಿ ಫೋಲ್ಡರಿನ ಹಳೇ ಸ್ಕ್ರಿಪ್ಟ್‌ಗಳನ್ನಷ್ಟೇ, ಸಿಸ್ಟಮ್‌ಡಿ (ಈಗ ಸರ್ವಿಸ್‌ಗಳನ್ನು ಶುರುಮಾಡಿ ನಿಲ್ಲಿಸುವ ಪ್ರೋಗ್ರಾಂ) ನಡೆಸುವ ಎಷ್ಟೋ ಸರ್ವಿಸ್‌ಗಳು ಅದರಲ್ಲಿ ಬರೋದೇ ಇಲ್ಲ. ಇದನ್ನು ಕೊಡಿ:

ಸಿಸ್ಟಮ್‌ಸಿಟಿಎಲ್ ಲಿಸ್ಟ್-ಯುನಿಟ್ಸ್ --ಟೈಪ್=ಸರ್ವಿಸ್ --ಸ್ಟೇಟ್=ರನ್ನಿಂಗ್

‘ಲಿಸ್ಟ್-ಯುನಿಟ್-ಫೈಲ್ಸ್’ ಬೇರೆ. ಅಲ್ಲಿ ಎನೇಬಲ್ಡ್ ಅಂದರೆ ಬೂಟ್ ಆಗುವಾಗ ಶುರುವಾಗುತ್ತೆ ಅಂತ, ಈಗ ಓಡ್ತಿದೆ ಅಂತಲ್ಲ. ‘ಆಕ್ಟಿವ್ (ಎಕ್ಸಿಟೆಡ್)’ ಕಂಡರೂ ಗಾಬರಿ ಬೇಡ. ಯುಎಫ್‌ಡಬ್ಲ್ಯು ಹಾಗೇ ತೋರಿಸೋದು: ಫೈರ್‌ವಾಲ್ ನಿಯಮ ಲೋಡ್ ಮಾಡಿ ಅದರ ಪ್ರೋಸೆಸ್ ಮುಗಿಯುತ್ತೆ.

ಉತ್ತರ 2:
ಮೇಲಿನ ಪಟ್ಟಿಯಲ್ಲೂ ಎಸ್‌ಎಸ್‌ಎಚ್ ಸಿಗಲ್ಲ. ಉಬುಂಟು 22.10ರಿಂದ ಅದು ಸಾಕೆಟ್ ಮೂಲಕ ಶುರುವಾಗುತ್ತೆ. ಪೋರ್ಟ್ ಹಿಡಿದು ಕೂತಿರೋದು ಸಿಸ್ಟಮ್‌ಡಿ, ಮೊದಲ ಕನೆಕ್ಷನ್ ಬಂದಾಗಲಷ್ಟೇ ಎಸ್‌ಎಸ್‌ಎಚ್‌ಡಿ (ಎಸ್‌ಎಸ್‌ಎಚ್ ಸರ್ವರ್ ಪ್ರೋಗ್ರಾಂ) ಏಳುತ್ತೆ. ‘ಸುಡೊ ಎಸ್‌ಎಸ್ -ಟಿಎಲ್‌ಪಿಎನ್’ ಕೊಡಿ (ಸುಡೊ ಅಂದರೆ ಅಡ್ಮಿನ್ ಹಕ್ಕಿನಲ್ಲಿ), 22ರ ಸಾಲಿನಲ್ಲಿ ಸಿಸ್ಟಮ್‌ಡಿ, ಪಿಐಡಿ (ಪ್ರೋಸೆಸ್ ನಂಬರ್) 1 ಅಂತ ಕಾಣುತ್ತೆ. ಸುಡೊ ಬಿಟ್ಟರೆ ಪ್ರೋಸೆಸ್ ಹೆಸರಿನ ಜಾಗ ಖಾಲಿ. ಇಂಥವನ್ನೆಲ್ಲ ಒಟ್ಟಿಗೆ ನೋಡಲು ‘ಸಿಸ್ಟಮ್‌ಸಿಟಿಎಲ್ ಲಿಸ್ಟ್-ಸಾಕೆಟ್ಸ್’.

ನಿಲ್ಲಿಸಬೇಕಾದರೆ ಎರಡನ್ನೂ ನಿಲ್ಲಿಸಿ:

ಸುಡೊ ಸಿಸ್ಟಮ್‌ಸಿಟಿಎಲ್ ಡಿಸೇಬಲ್ --ನೌ ಎಸ್‌ಎಸ್‌ಎಚ್.ಸಾಕೆಟ್ ಎಸ್‌ಎಸ್‌ಎಚ್.ಸರ್ವಿಸ್

ದೂರದ ಸರ್ವರ್‌ಗೆ ಎಸ್‌ಎಸ್‌ಎಚ್‌ನಿಂದಲೇ ಹೋಗಿ ಇದನ್ನು ಮಾಡಬೇಡಿ. ತೆರೆದಿರುವ ಸೆಷನ್ ಉಳಿಯುತ್ತೆ, ಲಾಗೌಟ್ ಆದಮೇಲೆ ಮತ್ತೆ ಒಳಗೆ ಹೋಗೋಕಾಗಲ್ಲ. ಪೋರ್ಟ್ ನಂಬರ್ ಬದಲಿಸುವವರಿಗೂ ಇದೇ ಗೋಳು: ಕಾನ್ಫಿಗ್ ತಿದ್ದಿದ ಮೇಲೆ ‘ಸಿಸ್ಟಮ್‌ಸಿಟಿಎಲ್ ಡೀಮನ್-ರೀಲೋಡ್’ ಕೊಟ್ಟು ಎಸ್‌ಎಸ್‌ಎಚ್.ಸಾಕೆಟ್ ರೀಸ್ಟಾರ್ಟ್ ಮಾಡಬೇಕು, ಇಲ್ಲದಿದ್ದರೆ ಹಳೇ ಪೋರ್ಟೇ ಇರುತ್ತೆ.

ಪ್ರಶ್ನೆ ಕೇಳಿದವರು:
22 ಹೋಯ್ತು, ಥ್ಯಾಂಕ್ಸ್ ಸರ್. ಪ್ರಿಂಟರ್ ಇಲ್ಲ, ಕಪ್ಸ್ (ಪ್ರಿಂಟಿಂಗ್ ಸರ್ವಿಸ್) ಕೂಡ ತೆಗೀಬೇಕು. ನಿಲ್ಲಿಸುವಾಗ ಏನೋ ಎಚ್ಚರಿಕೆ ಬಂತು.

ಉತ್ತರ 2:
ಅದಕ್ಕೂ ಕಪ್ಸ್.ಸಾಕೆಟ್, ಕಪ್ಸ್.ಪಾತ್ ಎರಡಿವೆ. ಸರ್ವಿಸ್ ಒಂದನ್ನೇ ನಿಲ್ಲಿಸಿದರೆ ಇವು ಮತ್ತೆ ಎಬ್ಬಿಸುತ್ತವೆ, ಎಚ್ಚರಿಕೆ ಹೇಳಿದ್ದೂ ಅದನ್ನೇ. ಮೂರನ್ನೂ ಒಟ್ಟಿಗೆ ಡಿಸೇಬಲ್ ಮಾಡಿ.

ಉತ್ತರ 1:
ಪೈಪ್‌ವೈರ್ (ಆಡಿಯೋ ನೋಡಿಕೊಳ್ಳೋದು) ಥರದವು ಲಾಗಿನ್ ಆದ ಬಳಕೆದಾರರ ಸರ್ವಿಸ್‌ಗಳು, ಇಲ್ಲಿ ಯಾವುದರಲ್ಲೂ ಬರಲ್ಲ. ನಾನು ಮೇಲೆ ಕೊಟ್ಟ ‘ಲಿಸ್ಟ್-ಯುನಿಟ್ಸ್’ ಕಮಾಂಡಿಗೇ ‘--ಯೂಸರ್’ ಸೇರಿಸಿ, ಸುಡೊ ಹಾಕದೆ ಕೊಡಿ. ಸುಡೊ ಹಾಕಿದರೆ ನಿಮ್ಮ ಪಟ್ಟಿ ಸಿಗಲ್ಲ.