30×40 ಸೈಟಿನ ಮನೆ ಮೇಲೆ 40 ಮೀಟರ್ ಬ್ಯಾಂಡ್ ಆಂಟೆನಾ ಕಟ್ಟೋದು ಹೇಗೆ?

ಪ್ರಶ್ನೆ (ವಿದ್ಯಾನಗರ, ದಾವಣಗೆರೆ)

ಎಲ್ಲರಿಗೂ ನಮಸ್ಕಾರ. ಈಚೆಗೆ ಹ್ಯಾಮ್ (ಹವ್ಯಾಸಿ) ರೇಡಿಯೋದ ವಿಯು3 ಲೈಸೆನ್ಸ್ ಬಂತು. 7 ಮೆಗಾಹರ್ಟ್ಸ್‌ನಲ್ಲಿ, ಅಂದರೆ 40 ಮೀಟರ್ ಬ್ಯಾಂಡಿನಲ್ಲಿ, ಬೆಂಗಳೂರು, ಹುಬ್ಬಳ್ಳಿ ಕಡೆಯವರ ಜೊತೆ ಮಾತಾಡಬೇಕು ಅಂತ ತುಂಬಾ ಆಸೆ. ಆದರೆ ಡೈಪೋಲ್‌ಗೆ (ನಡುವೆ ಕೇಬಲ್ ಸೇರುವ, ಎರಡು ಕಡೆ ಚಾಚಿದ ವೈರ್ ಆಂಟೆನಾ) 20 ಮೀಟರ್ ಬೇಕು, ನಮ್ಮದು 30×40 ಸೈಟು, ಒಂದು ಮಹಡಿ ಮನೆ, ಉದ್ದಕ್ಕೆ ಹಿಡಿದರೂ 12 ಮೀಟರ್ ಸಿಗೋದು ಕಷ್ಟ. ಮುಂದಿನ ರಸ್ತೆಯಲ್ಲಿ ಕರೆಂಟ್ ಲೈನ್ ಇದೆ. ಪಕ್ಕದವರ ತಾರಸಿಗೆ ವೈರ್ ಎಳೆಯೋದು ಬೇಡ ಅಂತ ಮನೆಯಲ್ಲಿ ಹೇಳಿದ್ದಾರೆ. ಕಾಯಿಲ್ ಹಾಕಿದ ಗಿಡ್ಡ ಆಂಟೆನಾ ಆನ್‌ಲೈನ್‌ನಲ್ಲಿ ಸಿಗುತ್ತವಲ್ಲ, ಅದನ್ನೇ ತಗೊಳ್ಳಲಾ?

ಉತ್ತರ 1 (ಚಿತ್ರದುರ್ಗ)

ಅಭಿನಂದನೆ ಸರ್. ಕಾಯಿಲ್ ಆಂಟೆನಾ ಈಗಲೇ ಬೇಡ. ಗಿಡ್ಡ ಮಾಡಿದಷ್ಟೂ ಬ್ಯಾಂಡ್‌ವಿಡ್ತ್ (ಆಂಟೆನಾ ಚೆನ್ನಾಗಿ ಕೆಲಸ ಮಾಡುವ ಫ್ರೀಕ್ವೆನ್ಸಿ ವ್ಯಾಪ್ತಿ) ಕಡಿಮೆ ಆಗುತ್ತದೆ. 7.050 ಮೆಗಾಹರ್ಟ್ಸ್‌ನಲ್ಲಿ ಚೆನ್ನಾಗಿದ್ದ ಎಸ್‌ಡಬ್ಲ್ಯುಆರ್ (ಪವರ್ ಆಂಟೆನಾದಿಂದ ಎಷ್ಟು ವಾಪಸ್ ಬರುತ್ತದೆ ಅನ್ನೋದರ ಅಳತೆ, ಕಡಿಮೆ ಇದ್ದಷ್ಟೂ ಒಳ್ಳೆಯದು) 7.150ಕ್ಕೆ ಹೋದರೆ ಏರುತ್ತದೆ, ಒಂದಷ್ಟು ಪವರ್ ಕಾಯಿಲ್‌ನಲ್ಲೇ ಬಿಸಿಯಾಗಿ ಹೋಗುತ್ತದೆ.

ಡೈಪೋಲ್ ನೆಟ್ಟಗೇ ಇರಬೇಕು ಅಂತ ಏನಿಲ್ಲ. ಉದ್ದದ ಲೆಕ್ಕ 143 ಭಾಗಿಸು ಫ್ರೀಕ್ವೆನ್ಸಿ (ಮೆಗಾಹರ್ಟ್ಸ್‌ನಲ್ಲಿ), ಅಂದರೆ 7.1ಕ್ಕೆ 20.1 ಮೀಟರ್, ಒಂದೊಂದು ಕಡೆ 10 ಮೀಟರ್. ಇದರಲ್ಲಿ ಕರೆಂಟ್ ಜಾಸ್ತಿ ಹರಿಯೋದು ನಡುಭಾಗದಲ್ಲಿ, ಸಿಗ್ನಲ್ ಹೊರಡೋದೂ ಹೆಚ್ಚಾಗಿ ಅಲ್ಲಿಂದಲೇ. ತುದಿಗಳಲ್ಲಿ ಕರೆಂಟ್ ಬಹಳ ಕಡಿಮೆ, ಅದಕ್ಕೇ ತುದಿ ಮಡಚಿದರೆ ನಷ್ಟ ಸ್ವಲ್ಪ. ತಾರಸಿಯ ಮೂಲೆಯಿಂದ ಎದುರು ಮೂಲೆಗೆ 13 ಮೀಟರ್ ಸಿಕ್ಕರೂ ಸಾಕು. ನಡುವೆ ಪೈಪ್ ನಿಲ್ಲಿಸಿ 5 ಮೀಟರ್ ಎತ್ತರಕ್ಕೆ ಏರಿಸಿ, ಎರಡೂ ಕಡೆ ಮೂಲೆಗಳಿಗೆ ಇಳಿಸಿ, ಉಳಿದ 3 ಮೀಟರ್ ವೈರನ್ನು ಒಂದು ಮೂಲೆಯಿಂದ ಎಡಕ್ಕೆ, ಇನ್ನೊಂದು ಮೂಲೆಯಿಂದ ಅದರ ವಿರುದ್ಧ ದಿಕ್ಕಿಗೆ, ಪ್ಯಾರಾಪೆಟ್ ಗುಂಟ ತಿರುಗಿಸಿ. ನಾಲ್ಕೂ ಮೂಲೆಗೆ ಕಂಬ ಬೇಕಾಗುತ್ತದೆ, ಅಷ್ಟೆ.

ಎತ್ತರ ಕಡಿಮೆ ಅಂತ ಬೇಜಾರು ಬೇಡ. ಇಷ್ಟು ತಗ್ಗಿನಲ್ಲಿ ಸಿಗ್ನಲ್ ಮೇಲಕ್ಕೆ ಹೋಗಿ ಅಯಾನುಮಂಡಲಕ್ಕೆ ತಾಗಿ ವಾಪಸ್ ಇಳಿಯುತ್ತದೆ. ಹಗಲು ಹೊತ್ತು ಕೆಲವು ನೂರು ಕಿಲೋಮೀಟರ್ ಒಳಗಿನವರಿಗೆ ಇದೇ ಒಳ್ಳೆಯದು. ರಾತ್ರಿ ಮಾತ್ರ ಹತ್ತಿರದವರು ಮಾಯವಾಗಿ ದೂರದವರು ಕೇಳಿಸಬಹುದು.

ಉತ್ತರ 2 (ನಿಟ್ಟುವಳ್ಳಿ, ದಾವಣಗೆರೆ)

ಮೇಲಿನವರು ಹೇಳಿದ್ದು ಸರಿ, ಆದರೆ ನಾನಾಗಿದ್ದರೆ ಎಂಡ್-ಫೆಡ್ ಹಾಫ್‌ವೇವ್ ಹಾಕ್ತಿದ್ದೆ. ಉದ್ದ ಅದೇ 20 ಮೀಟರ್, ಆದರೆ ಕೇಬಲ್ ನಡುವೆ ತೂಗಾಡಲ್ಲ, ಒಂದು ತುದಿಯಲ್ಲಿ ಬರುತ್ತದೆ, ಮತ್ತು ಅದೇ ವೈರ್ 20, 15, 10 ಮೀಟರ್ ಬ್ಯಾಂಡಿಗೂ ಕೆಲಸ ಮಾಡುತ್ತದೆ. ವೈರಿನ ತುದಿಯನ್ನು ಕೇಬಲ್‌ಗೆ ಹೊಂದಿಸಲು 49:1 ಟ್ರಾನ್ಸ್‌ಫಾರ್ಮರ್ ಬೇಕು: ಫೆರೈಟ್ ಟೊರಾಯ್ಡ್ (ಬಳೆಯಂಥ ಕಾಂತೀಯ ಉಂಗುರ) ಮೇಲೆ ಪ್ರೈಮರಿ 2 ಸುತ್ತು, ಸೆಕೆಂಡರಿ 14 ಸುತ್ತು. ಒಂದು ಮಾತು, ಕೇಬಲ್‌ಗೆ ಚೋಕ್ (ಕೇಬಲ್ ಹೊರಮೈಯಲ್ಲಿ ಕರೆಂಟ್ ಹರಿಯದಂತೆ ತಡೆಯೋದು) ಹಾಕಲೇಬೇಕು. ಇಲ್ಲವಾದರೆ ಕೇಬಲ್ ಹೊರಮೈಯೇ ಆಂಟೆನಾ ಆಗಿ, ಮನೆಯ ಎಲ್‌ಇಡಿ ಬಲ್ಬು, ಯುಪಿಎಸ್ ಗಲಾಟೆಯೆಲ್ಲ ರಿಸೀವರ್‌ಗೆ ಬರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ ಸರ್. ಮೊದಲು ಮಡಚಿದ ಡೈಪೋಲ್ ಮಾಡ್ತೀನಿ. ಮನೆ ವೈರಿಂಗ್‌ನ 1.5 ಎಂಎಂ ವೈರ್ ಉಳಿದಿದೆ, ಅದು ಸಾಕಾ?

ಉತ್ತರ 1

ಧಾರಾಳವಾಗಿ ಸಾಕು. ಪ್ಲಾಸ್ಟಿಕ್ ಹೊದಿಕೆ ಇರೋದರಿಂದ ಲೆಕ್ಕಕ್ಕಿಂತ ಸ್ವಲ್ಪ ಗಿಡ್ಡವೇ ಸಾಕಾಗುತ್ತದೆ, ಆದರೂ ಉದ್ದವೇ ಇಟ್ಟು ಕಟ್ಟಿ, ಎಸ್‌ಡಬ್ಲ್ಯುಆರ್ ಅಳೆದು ಆಮೇಲೆ ಕತ್ತರಿಸಿ. ಎರಡೂ ಕಡೆ 10 ಸೆಂಟಿಮೀಟರ್ ತೆಗೆದರೆ ಆಂಟೆನಾ ಹೊಂದುವ ಫ್ರೀಕ್ವೆನ್ಸಿ ಸುಮಾರು 70 ಕಿಲೋಹರ್ಟ್ಸ್ ಮೇಲೇರುತ್ತದೆ.

ತುದಿಗಳಲ್ಲಿ ಕರೆಂಟ್ ಕಡಿಮೆ ಇದ್ದರೂ ವೋಲ್ಟೇಜ್ ಜಾಸ್ತಿ. ಬಟ್ಟೆ ಒಣಹಾಕುವವರ ಕೈಗೆ ಸಿಗದ ಎತ್ತರದಲ್ಲಿ ಇನ್ಸುಲೇಟರ್ ಹಾಕಿ ಕಟ್ಟಿ. ಗಾಳಿಗೆ ಆಡಲು ವೈರ್ ಸ್ವಲ್ಪ ಸಡಿಲ ಬಿಡಿ. ರಸ್ತೆ ಕಡೆಯ ಕಂಬ ಬಿದ್ದರೂ, ವೈರ್ ಕಿತ್ತು ಹಾರಿದರೂ ಕರೆಂಟ್ ಲೈನ್ ತಲುಪದಷ್ಟು ಒಳಗಿರಲಿ, ಇದರಲ್ಲಿ ರಾಜಿ ಬೇಡ. ಏಪ್ರಿಲ್, ಮೇ ಗುಡುಗು ಮಳೆ ಶುರುವಾಗುವ ಮುಂಚೆಯೇ ಕೇಬಲ್ ರೇಡಿಯೋದಿಂದ ಬಿಚ್ಚಿ ಮನೆ ಹೊರಗೆ ಹಾಕಿ. ಕಟ್ಟಿದ ಮೇಲೆ ಎಸ್‌ಡಬ್ಲ್ಯುಆರ್ ಎಷ್ಟು ಬಂತು ಅಂತ ಇಲ್ಲೇ ಹಾಕಿ, ನೋಡೋಣ. 73 (ಹ್ಯಾಮ್ ಭಾಷೆಯಲ್ಲಿ ಶುಭಾಶಯ).